ಇಳಿಜಾರಲ್ಲಿ ನ್ಯೂಟ್ರಲ್ ಹಾಕೋ ಅಭ್ಯಾಸ ಡ್ರೈವರ್‌ಗಳಿಗೆ ಬಿಡಿಸೋದು ಹೇಗೆ?

ಸುಂಟಿಕೊಪ್ಪದ ತೋಟದವ:
ನಮ್ದು ಕಾಫಿ ತೋಟ, ಎರಡು ಪಿಕಪ್ಪು ಒಂದು ಹಳೇ ಜೀಪು, ಮೂರು ಜನ ಡ್ರೈವರ್. ಹುಡುಗ್ರು ಒಳ್ಳೆಯವ್ರೇ, ಆದ್ರೆ ಡೀಸೆಲ್ ಬಿಲ್ ನೋಡಿದ್ರೆ ಎದೆ ಧಸಕ್ ಅನ್ನುತ್ತೆ. ಬೆಳಿಗ್ಗೆ ಆಳುಗಳಿರೋ ಲೈನ್ ಮನೆ ಮುಂದೆ ಅವ್ರು ಹತ್ತೋವರೆಗೂ ಇಂಜಿನ್ ಆಫ್ ಮಾಡಲ್ಲ, ಮೂಟೆ ತುಂಬ್ಕೊಂಡು ಕುಶಾಲನಗರದ ಕ್ಯೂರಿಂಗ್‌ಗೆ, ಅಂದ್ರೆ ಕಾಫಿ ಸಿಪ್ಪೆ ತೆಗೆದು ಹಸನು ಮಾಡೋ ಕಡೆಗೆ, ಹೋಗ್ವಾಗ ಇಳಿಜಾರು ಸಿಕ್ರೆ ನ್ಯೂಟ್ರಲ್ ಹಾಕಿ ಬಿಡ್ತಾರೆ, ಕೇಳಿದ್ರೆ ನಿಮಗೇ ಡೀಸೆಲ್ ಉಳಿಸ್ತಿದೀವಿ ಸಾರ್ ಅಂತಾರೆ. ಬೈದು ನೋಡ್ದೆ, ಎರಡು ದಿನ ಸರಿ ಇರ್ತಾರೆ ಅಷ್ಟೆ. ಏನ್ ಮಾಡ್ಲಿ?

ಗೋಣಿಕೊಪ್ಪ ಗ್ಯಾರೇಜು:
ಸಾರ್ ನ್ಯೂಟ್ರಲ್‌ನಲ್ಲಿ ಒಂದು ಹನಿನೂ ಉಳಿಯಲ್ಲ. ಗೇರಲ್ಲಿಟ್ಟು ಆಕ್ಸಿಲರೇಟರ್ ಬಿಟ್ರೆ ಚಕ್ರಾನೇ ಇಂಜಿನ್ ತಿರುಗಿಸುತ್ತೆ, ಆಗ ಇಂಜೆಕ್ಟರ್ ಇಂಜಿನ್‌ಗೆ ಡೀಸೆಲ್ ಚಿಮ್ಮಿಸೋದೇ ನಿಲ್ಲುತ್ತೆ, ಹಳೇ ಪಂಪಿನ ಜೀಪಲ್ಲೂ ಡೀಸೆಲ್ ಅಳತೆ ನೋಡ್ಕೊಳ್ಳೋ ಗವರ್ನರ್ ಇದೇ ಕೆಲಸ ಮಾಡುತ್ತೆ. ನ್ಯೂಟ್ರಲ್ ಹಾಕಿದ್ರೆ ಇಂಜಿನ್ ಐಡಲ್‌ನಲ್ಲಿ ಓಡೋಕೆ ಡೀಸೆಲ್ ಕುಡೀಲೇಬೇಕು. ಮಡಿಕೇರಿಯಿಂದ ಕುಶಾಲನಗರಕ್ಕೆ 30 ಕಿಮೀ ಒಳಗೆ 300 ಮೀಟರ್‌ಗಿಂತ ಜಾಸ್ತಿ ಇಳೀತೀವಿ, ಲೋಡ್ ಗಾಡಿ ಪೂರ್ತಿ ಬ್ರೇಕ್ ಮೇಲೆ ಬಂದ್ರೆ ಲೈನರ್ ಕಾದು ಬ್ರೇಕೇ ಹಿಡಿಯಲ್ಲ. ಹತ್ತೋ ಗೇರಲ್ಲೇ ಇಳೀಬೇಕು ಅಂತ ಹಳಬರು ಹೇಳಿದ್ದು ಇದಕ್ಕೇ. ಬೈಬೇಡಿ, ಪಕ್ಕದಲ್ಲಿ ಕೂತು ಇದನ್ನ ಬಿಡಿಸಿ ಹೇಳಿ. ಟೈರ್ ಗಾಳಿನೂ ವಾರಕ್ಕೊಂದು ಸಲ ಚೆಕ್ ಮಾಡ್ಸಿ.

ಸೋಮವಾರಪೇಟೆ ಕಡೆಯವ:
ನಮ್ಮಲ್ಲೂ ಇದೇ ಗೋಳಿತ್ತು ಅಣ್ಣ. ನಾನು ಮಾಡಿದ್ದು ಇಷ್ಟೆ, ಪ್ರತಿ ಗಾಡಿಗೆ ಒಂದು ನೋಟ್‌ಬುಕ್, ಪ್ರತಿ ಸಲ ಟ್ಯಾಂಕ್ ಫುಲ್ ಮಾಡ್ಸಿ ಕಿಲೋಮೀಟರ್ರು ಲೀಟರ್ರು ಡ್ರೈವರ್ ಕೈಯಲ್ಲೇ ಬರೆಸೋದು. ಡೀಸೆಲ್‌ನಲ್ಲಿ ಉಳಿಸಿದ ದುಡ್ಡಲ್ಲಿ ಅರ್ಧ ಅವನಿಗೆ. ಮೊದಲನೇ ತಿಂಗಳು ಯಾರೂ ನಂಬಲಿಲ್ಲ, ಕೈಗೆ ದುಡ್ಡು ಬಂದ್ಮೇಲೆ ಅವರೇ ಲೈನ್ ಮನೆ ಮುಂದೆ ಆಫ್ ಮಾಡಿ ಕೂರೋಕೆ ಶುರು ಮಾಡಿದ್ರು. ಆದ್ರೆ ಒಬ್ಬನ ಲೆಕ್ಕ ಇನ್ನೊಬ್ಬನ ಜೊತೆ ಹೋಲಿಸ್ಬೇಡಿ, ತೋಟದ ಏರು ಹತ್ತೋ ಜೀಪಿಗೂ ಟಾರ್ ರೋಡಲ್ಲಿ ಓಡೋ ಪಿಕಪ್ಪಿಗೂ ಹೋಲಿಕೆನೇ ಇಲ್ಲ. ಅದೇ ಗಾಡಿಯ ಹಿಂದಿನ ಲೆಕ್ಕದ ಜೊತೆ ಮಾತ್ರ ನೋಡಿ. ಮಳೆಗಾಲದಲ್ಲಂತೂ ಕೆಸರಲ್ಲಿ ಫೋರ್ ವೀಲ್ ಹಾಕ್ಕೊಂಡೇ ಓಡಿಸ್ಬೇಕು, ಜೂನ್‌ನಿಂದ ಆಗಸ್ಟ್‌ವರೆಗಿನ ಲೆಕ್ಕಾನ ಹೋದ ಮಳೆಗಾಲದ ಜೊತೆಗೇ ಹಿಡೀಬೇಕು, ಇಲ್ಲಾಂದ್ರೆ ಪಾಪ ಅವನಿಗೆ ಅನ್ಯಾಯ.

ಸುಂಟಿಕೊಪ್ಪದ ತೋಟದವ:
ಇಬ್ರಿಗೂ ಥ್ಯಾಂಕ್ಸ್. ನಾನೂ ಇಷ್ಟು ವರ್ಷ ನ್ಯೂಟ್ರಲ್‌ನಲ್ಲಿ ಉಳಿಯುತ್ತೆ ಅಂತಾನೇ ನಂಬಿದ್ದೆ, ಅದಕ್ಕೇ ಗಟ್ಟಿಯಾಗಿ ಬೇಡ ಅನ್ನೋಕೆ ಆಗ್ತಿರ್ಲಿಲ್ಲ. ಸೋಮವಾರ ಕುಶಾಲನಗರಕ್ಕೆ ಲೋಡ್ ಇದೆ, ನಾನೇ ಪಕ್ಕದಲ್ಲಿ ಕೂತು ಹೋಗ್ತೀನಿ. ನೋಟ್‌ಬುಕ್ ಇವತ್ತೇ ತಂದೆ.