25,000 ರೂಪಾಯಿಯೊಳಗೆ ದೂರಪ್ರಯಾಣದ ಸೈಕಲ್‌ಗೆ ಯಾವ ಫ್ರೇಮ್?

ತುಂಗಾತೀರ: ಶಿವಮೊಗ್ಗದಿಂದ ಹೊರಟು ಆಗುಂಬೆ ಇಳಿದು ಉಡುಪಿ, ಅಲ್ಲಿಂದ ಕರಾವಳಿ ಹಿಡಿದು ಕಾರವಾರದವರೆಗೆ ಹೋಗುವ ಆಸೆಯಿದೆ. ಈಗಿರುವ ರೋಡ್ ಬೈಕಿಗೆ ಕ್ಯಾರಿಯರ್ ಕಟ್ಟಿ ಚೀಲ ನೇತುಹಾಕಿದರೆ ಪ್ರತಿ ತುಳಿತಕ್ಕೂ ಹಿಮ್ಮಡಿ ಚೀಲಕ್ಕೆ ಬಡಿಯುತ್ತದೆ. 28 ಮಿ.ಮೀ.ಗಿಂತ ದಪ್ಪದ ಟೈರ್ ಹಿಡಿಸುವುದಿಲ್ಲ. ಹೊರದೇಶದಿಂದ ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಮ್ ಬೆರೆತ ಉಕ್ಕು) ಫ್ರೇಮ್ ತರಿಸಿ, ಇರುವ ಚಕ್ರ, ಬ್ರೇಕುಗಳನ್ನೇ ಅದಕ್ಕೆ ಜೋಡಿಸಬಹುದೇ? ವಾರವಿಡೀ ಕಚೇರಿಗೂ ಇದೇ ಸೈಕಲ್ ಬೇಕು.

ಘಟ್ಟದ ಸವಾರ: ದಯವಿಟ್ಟು ಬೇಡ. ನಿಮ್ಮ ತೊಂದರೆ ಇರುವುದು ಲೋಹದಲ್ಲಲ್ಲ, ಅಳತೆಯಲ್ಲಿ. ಪೆಡಲ್ ಅಚ್ಚಿನಿಂದ ಹಿಂಚಕ್ರದ ಅಚ್ಚಿನವರೆಗೆ ಹೋಗುವ ಕೊಳವೆ, ಅಂದರೆ ಚೈನ್‌ಸ್ಟೇ, ರೋಡ್ ಬೈಕಿನಲ್ಲಿ ಸುಮಾರು 410 ಮಿ.ಮೀ. ಮಾತ್ರ. ಚೀಲ ಹೊರುವ ಸೈಕಲ್‌ಗೆ 440ರಿಂದ 460 ಇದ್ದರೆ ಹಿಮ್ಮಡಿ ಸಲೀಸಾಗಿ ಆಡುತ್ತದೆ. ಅದು ಉಕ್ಕೋ ಅಲ್ಯೂಮಿನಿಯಮ್ಮೋ ಎಂಬುದು ಆಮೇಲಿನ ಮಾತು.

ಬಿಡಿ ಫ್ರೇಮ್ ಕೊಂಡರೆ ಖರ್ಚು ಅಲ್ಲಿಗೆ ನಿಲ್ಲುವುದಿಲ್ಲ. ನಿಮ್ಮದು ರಿಮ್ ಬ್ರೇಕಿನ ರೋಡ್ ಬೈಕಾದರೆ ಹಿಂಚಕ್ರದ ನಡುವಿನ ಹಬ್ 130 ಮಿ.ಮೀ. ಅಗಲವಿರುತ್ತದೆ, ಹಳೆಯ ಎಂಟಿಬಿ (ಮೌಂಟನ್ ಬೈಕ್), ಹೈಬ್ರಿಡ್ ಫ್ರೇಮುಗಳು 135 ಕೇಳುತ್ತವೆ. ಅಂಥ ಫ್ರೇಮುಗಳಲ್ಲಿ ಬರುವ ವಿ-ಬ್ರೇಕ್ (ಉದ್ದ ತೋಳುಗಳ ರಿಮ್ ಬ್ರೇಕ್) ಎಳೆಯಲು ಸಾಮಾನ್ಯ ರೋಡ್ ಬೈಕಿನ ಲಿವರ್ ಸಾಲದು. ಆದ್ದರಿಂದ ಬಳಸಿದ ಇಡೀ ಸೈಕಲ್ಲನ್ನೇ ಕೊಳ್ಳಿ. ಮುಂದೆ ಸ್ಪ್ರಿಂಗ್ ಇಲ್ಲದ ಗಟ್ಟಿ ಫೋರ್ಕ್ (ಮುಂಚಕ್ರ ಹಿಡಿಯುವ ಕವಲು), ಹಿಂದೆ ಕ್ಯಾರಿಯರ್ ಬಿಗಿಯಲು ತಿರುಪಿನ ತೂತುಗಳು, 40 ಮಿ.ಮೀ. ಟೈರಿಗೆ ಜಾಗ, ತಿರುಪಿನಂತೆ ತಿರುಗಿಸಿ ಕೂರಿಸುವ ಬಾಟಮ್ ಬ್ರಾಕೆಟ್ (ಪೆಡಲ್ ಅಚ್ಚು ಕೂರುವ ಭಾಗ): ಇಷ್ಟಿದ್ದರೆ ಕಚೇರಿಗೂ ಸೈ, ಘಟ್ಟಕ್ಕೂ ಸೈ. ಉಳಿದ ಹಣ ಒಳ್ಳೆಯ ಹಿಂಚಕ್ರಕ್ಕೆ ಹೋಗಲಿ. ಹೊರೆಯ ಬಹುಪಾಲು ಬೀಳುವುದು ಅದರ ಮೇಲೆಯೇ.

ತುಂಗಾತೀರ: 26 ಇಂಚಿನ ಹಳೆಯ ಉಕ್ಕಿನ ಎಂಟಿಬಿ ಒಂದು ಸಿಕ್ಕಿದೆ, ಗಟ್ಟಿ ಫೋರ್ಕ್. ಚೈನ್‌ಸ್ಟೇ 435. ಬಣ್ಣ ಹೊಸದಾಗಿ ಬಳಿದಂತಿದೆ. ಏನೇನು ನೋಡಲಿ?

ಘಟ್ಟದ ಸವಾರ: 435 ನಡೆಯುತ್ತದೆ, ಕ್ಯಾರಿಯರ್ ಮೇಲೆ ಚೀಲದ ಕೊಕ್ಕೆಗಳನ್ನು ಹಿಂದಕ್ಕೆ ಸರಿಸಿ. ಹೊಸ ಬಣ್ಣವೆಂದರೆ ಮಾತ್ರ ಎಚ್ಚರ. ಮೊದಲು ಸೀಟ್ ಪೋಸ್ಟ್, ಅಂದರೆ ಸೀಟನ್ನು ಹೊರುವ ಕಂಬ, ಬಿಚ್ಚಿ ಹೊರಗೆಳೆಯಿರಿ. ಉಕ್ಕಿನ ಕೊಳವೆಯೊಳಗೆ ಅಲ್ಯೂಮಿನಿಯಮ್ ಪೋಸ್ಟ್ ವರ್ಷಗಟ್ಟಲೆ ಕೂತರೆ ಎರಡೂ ಕಚ್ಚಿಕೊಳ್ಳುತ್ತವೆ. ಅಲುಗದಿದ್ದರೆ ಆ ಸೈಕಲ್ ಬಿಟ್ಟುಬಿಡಿ. ಹೊರಬಂದರೆ ಟಾರ್ಚ್ ಹಿಡಿದು ಒಳಗಿನ ತುಕ್ಕು ನೋಡಿ. ಬಾಟಮ್ ಬ್ರಾಕೆಟ್ಟಿನ ಸುತ್ತ, ಹಿಂಚಕ್ರ ಕೂರುವ ಕಡೆ ಬೆಸುಗೆಯ ಅಂಚಿನಲ್ಲಿ ಬಣ್ಣ ಕೂದಲೆಳೆಯಷ್ಟು ಸೀಳಿದ್ದರೂ ಬೇಡ.

ಬಳಿಕ ಹಿಂಚಕ್ರ ತೆಗೆದು, ಅಚ್ಚು ಕೂರುವ ಒಂದು ಕಚ್ಚಿಗೆ ದಾರ ಕಟ್ಟಿ, ಹ್ಯಾಂಡಲ್ ಕೆಳಗಿನ ಕೊಳವೆಯನ್ನು ಸುತ್ತಿಸಿ ಇನ್ನೊಂದು ಕಚ್ಚಿಗೆ ಬಿಗಿಯಾಗಿ ಎಳೆಯಿರಿ. ಸೀಟಿನ ಕೊಳವೆಗೂ ದಾರಕ್ಕೂ ನಡುವಿನ ಅಂತರ ಎರಡೂ ಬದಿಗೆ ಸಮವಿರಬೇಕು. ಹೆಚ್ಚುಕಡಿಮೆಯಾದರೆ ಫ್ರೇಮ್ ಸೊಟ್ಟಗಾಗಿದೆ.

ತುಂಗಾತೀರ: ದಾರಿಯಲ್ಲಿ 26ರ ಟೈರ್ ಸಿಗುತ್ತದೆಯೇ?

ಘಟ್ಟದ ಸವಾರ: ಊರಿನ ಸೈಕಲ್ ಅಂಗಡಿಗಳಲ್ಲಿ ಕೇಳಬಹುದು, ಆದರೆ 26 ಎಂದಷ್ಟೇ ಕೇಳಬೇಡಿ. ಎಂಟಿಬಿ ಟೈರಿನ ಬದಿಯಲ್ಲಿ 559 ಎಂದು ಅಚ್ಚಾಗಿರುತ್ತದೆ, ಅದು ಟೈರ್ ರಿಮ್ಮಿನ ಮೇಲೆ ಕೂರುವ ಕಡೆಯ ವ್ಯಾಸ, ಮಿ.ಮೀ.ಗಳಲ್ಲಿ; 590 ಎಂದಿರುವ 26 ನಿಮ್ಮ ರಿಮ್ಮಿಗೆ ಸಡಿಲ. ಒಂದು ಬಿಡಿ ಟೈರನ್ನು ಮನೆಯಿಂದಲೇ ಚೀಲಕ್ಕೆ ಕಟ್ಟಿಕೊಂಡು ಹೊರಡಿ.