ಮಕ್ಕಳು ಜೊತೆಗೆ ಹಾಡುವುದೇ ಇಲ್ಲ, ಸುಮ್ನೆ ನೋಡ್ತಾ ಕೂರ್ತಾರೆ. ಏನು ಮಾಡಲಿ?

ಪ್ರಶ್ನೆ (ಶಿಶುವಿಹಾರದ ಶಿಕ್ಷಕಿ):
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ಮೂರರಿಂದ ಐದು ವರ್ಷದ ಮಕ್ಕಳು. ದಿನಾ ಬೆಳಿಗ್ಗೆ ಸುತ್ತ ಕೂರಿಸಿಕೊಂಡು ಹಾಡಿಸುತ್ತೇನೆ. ಸ್ಪೀಕರ್‌ನಲ್ಲಿ ಹಾಡು ಹಾಕಿ ನಾನೂ ದನಿ ಸೇರಿಸುತ್ತೇನೆ. ಒಂದಿಬ್ಬರು ಕಿರುಚುತ್ತಾರೆ, ಉಳಿದವರು ಸುಮ್ನೆ ನೋಡುತ್ತಾರೆ. ಒಬ್ಬಳಂತೂ ಬಾಯೇ ಬಿಡುವುದಿಲ್ಲ. ನನಗೆ ಸಂಗೀತ ಬರುವುದಿಲ್ಲ, ಅದಕ್ಕೇ ಸ್ಪೀಕರ್ ನಂಬಿಕೊಂಡಿದ್ದೇನೆ. ಇನ್ನೊಂದು ಕಡೆ ಪೋಷಕರು, ‘ಬರೀ ಹಾಡೇ ಆಯ್ತು, ಅಕ್ಷರ ಯಾವಾಗ?’ ಅಂತಾರೆ.

ಉತ್ತರ 1 (ಚಿಕ್ಕ ಮಕ್ಕಳಿಗೆ ಹಾಡು ಕಲಿಸುವವಳು):
ಮೊದಲು ಸ್ಪೀಕರ್ ಆಫ್ ಮಾಡಿ ಮೇಡಂ. ಅದು ಯಾರಿಗೂ ಕಾಯುವುದಿಲ್ಲ. ಮೂರು ವರ್ಷದ ಮಗುವಿಗೆ ಮುಂದಿನ ಪದ ನೆನಪಾಗುವಷ್ಟರಲ್ಲಿ ಹಾಡು ಎರಡು ಸಾಲು ದಾಟಿರುತ್ತದೆ. ನೀವಾದರೆ ನಿಲ್ಲಬಹುದು. ಸಾಲಿನ ಕೊನೆಯ ಪದ ಬಿಟ್ಟು, ಅವರ ಮುಖ ನೋಡುತ್ತಾ ಕಾಯಿರಿ. ಆ ಒಂದು ಪದವನ್ನು ಅವರೇ ತುಂಬುತ್ತಾರೆ. ಗುಂಪು ಹಾಡು ಶುರುವಾಗುವುದು ಅಲ್ಲಿಂದ.

ಶ್ರುತಿ ಬಗ್ಗೆ ಹೆದರಬೇಡಿ. ಈ ವಯಸ್ಸಿನಲ್ಲಿ ಸಾಮಾನ್ಯವಾಗಿ ಮೊದಲು ಪದ ಹಿಡಿಯುತ್ತದೆ, ಆಮೇಲೆ ಲಯ, ಆಮೇಲೆ ರಾಗದ ಏರಿಳಿತ. ಸ್ವರ ಸರಿಯಾಗಿ ಕೂರುವುದು ಕೊನೆಗೆ. ಆದರೆ ಸ್ವರದ ಎತ್ತರ ಮಾತ್ರ ನೋಡಿಕೊಳ್ಳಿ. ಹಾರ್ಮೋನಿಯಂನ ನಡು ಸ್ಥಾಯಿಯಲ್ಲಿ ಬಿಳಿ ಒಂದನ್ನು (ಎರಡು ಕಪ್ಪು ಕೀಗಳ ಜೋಡಿಯ ಎಡಕ್ಕಿರುವ ಬಿಳಿ ಕೀ) ಸಾ ಅಂದುಕೊಂಡರೆ, ರಿ ಇಂದ ಧ ತನಕ ಈ ಮಕ್ಕಳ ದನಿ ಆರಾಮಾಗಿ ಓಡಾಡುತ್ತದೆ. ದೊಡ್ಡವರು ನಮ್ಮ ಅನುಕೂಲಕ್ಕೆ ಕೆಳಗಿಂದ ಎತ್ತಿಕೊಳ್ಳುತ್ತೇವೆ. ಅಷ್ಟು ಕೆಳಗೆ ಅವರಿಗೆ ದನಿಯೇ ಬರುವುದಿಲ್ಲ, ಮಾತಾಡಿದ ಹಾಗೆ ಹೇಳುತ್ತಾರೆ. ಅದಕ್ಕೆ ನಾವು ‘ಜೋರಾಗಿ!’ ಅಂತೀವಿ, ಅವರು ಕಿರುಚುತ್ತಾರೆ. ಆ ಪದವನ್ನೇ ಬಿಟ್ಟುಬಿಡಿ.

ಉತ್ತರ 2 (ಸಂಗೀತ ಶಿಕ್ಷಕ):
ಮೇಲಿನ ಮಾತು ಸರಿ. ಒಂದು ಸೇರಿಸುತ್ತೇನೆ. ಹಂಗೇರಿಯ ಜೊಲ್ತಾನ್ ಕೊಡಾಯ್ (1882–1967) ಅವರ ದಾರಿಯಲ್ಲಿ ಕಲಿಸುವವರು ಪುಟ್ಟ ಮಕ್ಕಳಿಗೆ ಎರಡೇ ಸ್ವರದಿಂದ ಶುರು ಮಾಡುತ್ತಾರೆ. ನಮ್ಮ ಲೆಕ್ಕದಲ್ಲಿ ಪ, ಅಲ್ಲಿಂದ ಇಳಿದು ದೊಡ್ಡ ಗ (ಅಂತರ ಗಾಂಧಾರ). ಹಾಜರಿಯನ್ನೇ ಹೀಗೆ ಹಾಡಿ. ಹೆಸರು ಕರೆಯುವುದು ಪ–ಗ, ಮಗು ಓ ಅನ್ನುವುದೂ ಪ–ಗ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. ಹಾಜರಿ ಐಡಿಯಾ ನಾಳೆಯೇ ಮಾಡುತ್ತೇನೆ. ಬಾಯಿ ಬಿಡದ ಹುಡುಗಿಯನ್ನೂ ಕರೆಯಲಾ? ಪೋಷಕರಿಗೆ ಏನು ಹೇಳಲಿ?

ಉತ್ತರ 1 (ಚಿಕ್ಕ ಮಕ್ಕಳಿಗೆ ಹಾಡು ಕಲಿಸುವವಳು):
ಹೆಸರು ಹಾಡಿ, ಉತ್ತರಕ್ಕೆ ಪಟ್ಟು ಹಿಡಿಯಬೇಡಿ. ಕೈ ಎತ್ತಿದರೂ ಸಾಕು. ಒಬ್ಬಳನ್ನೇ ನಿಲ್ಲಿಸಿ ಹಾಡಿಸುವುದಂತೂ ಬೇಡವೇ ಬೇಡ. ಅವಳ ಕಾಲು ನೋಡಿ, ಬೆರಳು ನೋಡಿ. ತಾಳಕ್ಕೆ ಅಲ್ಲಾಡುತ್ತಿದ್ದರೆ ಅವಳು ಹಾಡಿನ ಒಳಗೇ ಇದ್ದಾಳೆ. ಗುಂಪಿನಲ್ಲಿ ಬಾಯಿ ಬಿಡದ ಎಷ್ಟೋ ಮಕ್ಕಳು ಮನೆಯಲ್ಲಿ ಇಡೀ ಹಾಡು ಹೇಳುತ್ತಾರೆ. ಅವರಮ್ಮನನ್ನು ಒಮ್ಮೆ ಕೇಳಿ. ಗಿಲಕಿ ಕೊಟ್ಟು ತಾಳ ಹಾಕುವ ಕೆಲಸ ಅವಳಿಗೇ ವಹಿಸಬಹುದು.

ಪೋಷಕರ ವಿಷಯ. 2010ರಲ್ಲಿ ಕಿರ್ಷ್ನರ್ ಮತ್ತು ಟೊಮಾಸೆಲ್ಲೊ ಎಂಬ ಸಂಶೋಧಕರು ನಾಲ್ಕು ವರ್ಷದ ಮಕ್ಕಳನ್ನು ಜೋಡಿ ಜೋಡಿಯಾಗಿ ಆಡಿಸಿದರು. ಕೆಲವು ಜೋಡಿಗಳಿಗೆ ಆಟದಲ್ಲಿ ಹಾಡು, ಕುಣಿತ, ತಾಳ ಇತ್ತು. ಉಳಿದವರಿಗೆ ಅದೇ ಆಟ, ಹಾಡಿಲ್ಲದೆ. ಆಮೇಲೆ ಹಾಡಿದ ಮಕ್ಕಳೇ ಜೊತೆಗಾರರಿಗೆ ಜಾಸ್ತಿ ಸಹಾಯ ಮಾಡಿದರು. ಅಕ್ಷರಕ್ಕೂ ಹಾಡು ಬೇಕು. ಪ್ರಾಸ ಕೇಳಿ ಕೇಳಿ ಪದದೊಳಗಿನ ಸದ್ದನ್ನು ಬಿಡಿಸಿ ಗುರುತಿಸುವುದು ಬರುತ್ತದೆ, ಓದಿಗೆ ಬೇಕಾಗುವುದು ಅದೇ ಅಲ್ವಾ? ಇದನ್ನೇ ಅವರಿಗೆ ಹೇಳಿ. ಇನ್ನೂ ಒಳ್ಳೆಯದು, ಒಂದು ದಿನ ಅವರನ್ನೂ ಸುತ್ತಿನಲ್ಲಿ ಕೂರಿಸಿ.

ಪ್ರಶ್ನೆ ಕೇಳಿದವರು:
ಕೈ ಅಭಿನಯ ಮಾಡಿಸಬಹುದಾ?

ಉತ್ತರ 2 (ಸಂಗೀತ ಶಿಕ್ಷಕ):
ಖಂಡಿತ. ಆದರೆ ಹೊಸ ಅಭಿನಯ ಬಂದ ದಿನ ಹಾಡು ನಿಲ್ಲುತ್ತದೆ, ಗಮನವೆಲ್ಲ ಕೈಗೆ ಹೋಗುತ್ತದೆ. ಮೊದಲ ಕೆಲವು ದಿನ ನೀವು ಹಾಡಿ, ಅವರು ಅಭಿನಯ ಮಾಡಲಿ. ಕೈ ರೂಢಿಯಾದ ಮೇಲೆ ಕೊನೆಯ ಪದ ಬಿಟ್ಟು ನೋಡಿ.