ಪದಚರ್ಚೆ: ರಕ್ತದ ‘ಒತ್ತಡ’, ಮನಸ್ಸಿನ ‘ಒತ್ತಡ’

ಎಲ್ಲರಿಗೂ ನಮಸ್ಕಾರ.

ಒಂದು ಆರೋಗ್ಯ ಲೇಖನ ಬರೆಯುತ್ತಾ ಈ ವಾಕ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ: “ಅಧಿಕ ರಕ್ತದೊತ್ತಡದ ಕುಟುಂಬ ಇತಿಹಾಸ ಇರುವವರಲ್ಲಿ ಒತ್ತಡದ ಹಾರ್ಮೋನುಗಳು ಜಾಸ್ತಿ ಏರಬಹುದು.”

ಅಮ್ಮನಿಗೆ ಓದಿ ಹೇಳಿದೆ. ಅವಳಿಗೆ ಬಿಪಿ ಇದೆ. “ಎರಡು ಒತ್ತಡಾನೂ ಒಂದೇನಾ?” ಅಂದಳು. ಅಲ್ಲ ಅಂದೆ. “ಮತ್ತೆ ಹೆಸರು ಯಾಕೆ ಒಂದೇ?”

ಮೊದಲನೆಯದು, ರಕ್ತವು ತಾನು ಹರಿಯುವ ನಾಳದ ಗೋಡೆಯನ್ನು ಒತ್ತುವುದು. ತೋಳಿಗೆ ಪಟ್ಟಿ ಸುತ್ತಿ ಅಳೆಯುತ್ತಾರೆ. ಎರಡನೆಯದು ಸಾಲ, ಜಗಳ, ಪರೀಕ್ಷೆ ಎದುರಾದಾಗ ಮೈಯೊಳಗೆ ಏಳುವ ಗಡಿಬಿಡಿ. ಆಗ ಏರುವ ಹಾರ್ಮೋನುಗಳಲ್ಲಿ ಅಡ್ರಿನಲಿನ್ ತಕ್ಷಣ ನುಗ್ಗುತ್ತದೆ. ಕಾರ್ಟಿಸಾಲ್ ನಿಧಾನಿ, ತುದಿ ಮುಟ್ಟಲು 20-30 ನಿಮಿಷ ಬೇಕು. ಅದನ್ನು ಜೊಲ್ಲಿನಲ್ಲೇ ಅಳೆಯಬಹುದು. ಇಂಥ ಒತ್ತಡ ಬರಿಸಿ ನೋಡಲೆಂದೇ ಜರ್ಮನಿಯ ಟ್ರಿಯರ್‌ನಲ್ಲಿ 1993ರಲ್ಲಿ ರೂಪಿಸಿದ ಪರೀಕ್ಷೆಯಂತೂ ಮಜಾ ಇದೆ. ಮುಖದಲ್ಲಿ ನಗುವೇ ಇಲ್ಲದ ಅಪರಿಚಿತರ ಮುಂದೆ ಭಾಷಣ ಮಾಡಬೇಕು, ಆಮೇಲೆ 1022ರಿಂದ 13 ಕಳೆಯುತ್ತಾ ಹೋಗಬೇಕು. ತಪ್ಪಿದರೆ ಮತ್ತೆ ಮೊದಲಿಂದ!

ಅಪ್ಪ-ಅಮ್ಮನಿಗೆ ಬಿಪಿ ಇದ್ದು, ತಮಗಿನ್ನೂ ಬಾರದವರನ್ನು ಹೀಗೆ ಲೆಕ್ಕಕ್ಕೆ ಕೂರಿಸಿದರೆ ಅವರ ರಕ್ತದೊತ್ತಡ ಬೇರೆಯವರದಕ್ಕಿಂತ ಜಾಸ್ತಿ ಏರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಕಾರ್ಟಿಸಾಲ್ ಮಾತ್ರ ಎಲ್ಲ ಕಡೆ ಒಂದೇ ಥರ ಏರಿಲ್ಲ. ನನ್ನ ವಾಕ್ಯದ ‘ಏರಬಹುದು’ ಅದಕ್ಕೇ. ಬಿಪಿ ಏರುವ ಸಂಗತಿಯನ್ನು ಕನ್ನಡದಲ್ಲಿ ಚಿಕ್ಕದಾಗಿ ಹೇಳಹೋದರೆ “ಒತ್ತಡ ಬಂದಾಗ ಒತ್ತಡ ಏರುತ್ತದೆ” ಅಂತಾಗುತ್ತದೆ!

ಎರಡನೇ ಒತ್ತಡದ ಬದಲು ‘ಉದ್ವೇಗ’ ಹಾಕಿ ನೋಡಿದೆ. ಆದರೆ ಐಸ್ ನೀರಲ್ಲಿ ಕೈ ಅದ್ದಿಸುವುದೂ ಇಂಥದೇ ಒಂದು ಹಳೆಯ ಪರೀಕ್ಷೆ. ಅಲ್ಲಿ ಉದ್ವೇಗ ಎಲ್ಲಿಂದ ಬರಬೇಕು? ‘ತಲೆಬಿಸಿ’, ಕರಾವಳಿಯವರ ‘ಮಂಡೆಬಿಸಿ’ ಅರ್ಥಕ್ಕೆ ಹತ್ತಿರ. ಆದರೆ ‘ಮಂಡೆಬಿಸಿ ಹಾರ್ಮೋನು’ ಅಂದರೆ ನಗ್ತಾರೆ, ಅಲ್ವಾ? ‘ಟೆನ್ಷನ್’ ಎಲ್ಲಕ್ಕಿಂತ ಅಪಾಯ. ಅಧಿಕ ರಕ್ತದೊತ್ತಡಕ್ಕೆ ಇಂಗ್ಲಿಷಿನಲ್ಲಿರುವ ಹೆಸರು ಹೈಪರ್‌ಟೆನ್ಷನ್; ಹಾಗಂದರೆ ಟೆನ್ಷನ್ ಜಾಸ್ತಿ ಅಂತಲೇ ಎಷ್ಟೋ ಜನ ತಿಳಿದಿದ್ದಾರೆ. ಜರ್ಮನರು, ಫ್ರೆಂಚರು ಸುಮ್ನೆ ಇಂಗ್ಲಿಷಿನ ‘ಸ್ಟ್ರೆಸ್’ ಪದವನ್ನೇ ಇಟ್ಟುಕೊಂಡರು.

‘ಕುಟುಂಬ ಇತಿಹಾಸ’ವೂ ಹಿಡಿಸಿಲ್ಲ, ಹೊಯ್ಸಳರ ವಂಶಾವಳಿ ಓದಿದ ಹಾಗಿದೆ. ಡಾಕ್ಟರು ಕೇಳುವುದು “ಮನೇಲಿ ಯಾರಿಗಾದ್ರೂ ಬಿಪಿ ಇದೆಯಾ?” ಅಂತ. ಹಾಗಾಗಿ ಸದ್ಯಕ್ಕೆ ಹೀಗೆ ತಿದ್ದಿದ್ದೇನೆ: “ಮನೆಯ ಹಿರಿಯರಿಗೆ ಬಿಪಿ ಇದ್ದರೆ, ಮಕ್ಕಳಲ್ಲಿ ಸ್ಟ್ರೆಸ್ ಹಾರ್ಮೋನು ಜಾಸ್ತಿ ಏರಬಹುದು.” ಒಂದೇ ತೊಡಕು, “ನನ್ನ ಬಿಪಿ ಏರಿಸಬೇಡ” ಅಂದಾಗ ಬಿಪಿಗೆ ಸಿಟ್ಟು ಅಂತಲೂ ಅರ್ಥ ಇದೆ.

ಉತ್ತರ ಕರ್ನಾಟಕದ ಕಡೆಯವರು ಈ ಎರಡನೇ ಒತ್ತಡಕ್ಕೆ ಮನೆಯಲ್ಲಿ ಏನಂತೀರಿ?